ಕವರಿನ ಮೇಲೆ ಇಬ್ಬರದ್ದೇ ಹೆಸರು

ಗೆಳತಿಯ ಮದುವೆ ಕಾರ್ಡು ಬಂದ ದಿನ ಕವರಿನ ಮೇಲೆ ಇದ್ದದ್ದು ಎರಡೇ ಹೆಸರು, ನನ್ನದು ಮತ್ತು ಇವರದ್ದು. ಒಳಗಡೆ ಕೆಳಗೆ ಒಂದು ಸಾಲು: ಇದು ದೊಡ್ಡವರಿಗೆ ಮಾತ್ರ ಇಟ್ಟುಕೊಂಡ ಸಮಾರಂಭ. ಆಗ ಮಗಳಿಗೆ 5 ವರ್ಷ, ಮಗನಿಗೆ 9 ತಿಂಗಳು. ಮಗ ಇನ್ನೂ ಎದೆಹಾಲು ಕುಡಿಯುತ್ತಿದ್ದ.

ತುಂಬಾ ಬೇಜಾರಾಯಿತು. ಮಗಳು ಹುಟ್ಟಿದಾಗ ಆಸ್ಪತ್ರೆಗೆ ಮೊದಲು ಓಡಿ ಬಂದವಳು ಇವಳೇ. ಅವಳ ಮದುವೆಗೆ ನನ್ನ ಮಕ್ಕಳು ಬೇಡವಾ ಅನ್ನಿಸಿತು. ಅದೇ ಬೇಜಾರಿನಲ್ಲಿ ಮೊಬೈಲ್ ತೆಗೆದು, "ಚಿಕ್ಕವನನ್ನ ಮಾತ್ರ ಕರೆದುಕೊಂಡು ಬರ್ತೀನಿ, ಮಡಿಲಲ್ಲೇ ಇರ್ತಾನೆ, ಕುರ್ಚಿಯೂ ಬೇಡ" ಅಂತ ಟೈಪ್ ಮಾಡಿದೆ. ಇವರು ಓದಿ, "ಇದು ಕೇಳಿದ ಹಾಗಿಲ್ಲ, ಹೇಳಿದ ಹಾಗಿದೆ" ಅಂದರು. ಅಳಿಸಿದೆ. ಎರಡು ದಿನ ಸುಮ್ನೆ ಇದ್ದು ಆಮೇಲೆ ಫೋನ್ ಮಾಡಿದೆ. ಅವಳ ಅಮ್ಮನಿಗಲ್ಲ, ಅವಳಿಗೇ. ಅಮ್ಮನ ಕೈಲಿ ಹೇಳಿಸಿದರೆ ಪಾಪ ಅವಳು ಒಲ್ಲೆ ಅನ್ನುವುದಕ್ಕೂ ಆಗುವುದಿಲ್ಲ, ಅಲ್ವಾ?

ಹಾಲು ಕುಡಿಯುವ ಮಗುವಿಗೂ ಇದು ಅನ್ವಯಿಸುತ್ತಾ ಅಂತ ಮಾತ್ರ ಕೇಳಿದೆ. ಕೆಲವರು ಎದೆಹಾಲು ಕುಡಿಯುವ ಕೂಸುಗಳನ್ನು ಕರೆದುಕೊಂಡು ಬರಲು ಬಿಡುತ್ತಾರೆ, ಹಾಗಾಗಿ ಒಂದು ಸಲ ಕೇಳುವುದರಲ್ಲಿ ತಪ್ಪಿಲ್ಲ ಅಂತ ಈಗಲೂ ಅಂದುಕೊಂಡಿದ್ದೇನೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿನಗೆ ಹೂಂ ಅಂದರೆ ನಮ್ಮಕ್ಕನಿಗೆ ಏನು ಹೇಳಲಿ ಕಣೇ? ಅವಳು ತನ್ನ ಮೂರು ಮಕ್ಕಳನ್ನೂ ಬಿಟ್ಟು ಬರ್ತಿದ್ದಾಳೆ" ಅಂದಳು. ನನಗೆ ಈ ಲೆಕ್ಕ ಹೊಳೆದೇ ಇರಲಿಲ್ಲ. ನಾನು ವಿನಾಯಿತಿ ಕೇಳುತ್ತಿದ್ದದ್ದು ಅವಳೊಬ್ಬಳ ಹತ್ತಿರ ಅಲ್ಲ. ಮಾತಿಗೆ ಬೆಲೆ ಕೊಟ್ಟು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರುವ ಅಷ್ಟೂ ಅಪ್ಪ ಅಮ್ಮಂದಿರ ಹತ್ತಿರ. "ಬರೋಕೆ ಆಗದಿದ್ದರೆ ನನಗೆ ಬೇಜಾರಿಲ್ಲ, ಆದರೆ ಬೇಗ ಹೇಳು" ಅಂತಲೂ ಅಂದಳು. ಕುರ್ಚಿ, ಊಟ ಎಲ್ಲದರ ಲೆಕ್ಕವನ್ನೂ ಮೊದಲೇ ಕೊಡಬೇಕಿತ್ತಂತೆ.

ಒಂದು ವಾರ ಯೋಚಿಸಿ, ಬರ್ತೀವಿ ಅಂತ ತಿಳಿಸಿದೆ. ನಮ್ಮಮ್ಮ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ್ದರು. ಅಮ್ಮ ಇಲ್ಲದಿದ್ದರೆ ನಾನೊಬ್ಬಳೇ ಸ್ವಲ್ಪ ಹೊತ್ತು ಹೋಗಿ ಬರುತ್ತಿದ್ದೆ, ಅದೂ ಆಗದಿದ್ದರೆ ಆಗಲ್ಲ ಅಂತ ನೇರವಾಗಿ ಹೇಳುತ್ತಿದ್ದೆ. ಹಾಗೆ ಹೇಳುವುದರಲ್ಲಿ ಯಾವ ಅಗೌರವವೂ ಇಲ್ಲ. ಆದರೆ "ನೀವು ಮಕ್ಕಳನ್ನು ಬೇಡ ಅಂದಿರಲ್ಲ, ಅದಕ್ಕೇ ಬರಲಿಲ್ಲ" ಅಂತ ಕೊಂಕು ಸೇರಿಸಿದರೆ ಕರೆದವರ ಮನಸ್ಸು ನೋಯುತ್ತದೆ.

ಮಗನ ವಯಸ್ಸಿನ ಮಕ್ಕಳು ಅಮ್ಮ ಕಣ್ಣಿಂದ ಮರೆಯಾದರೆ ಸಾಕು, ಜಾಸ್ತಿ ಅಳುತ್ತವೆ. ಅದಕ್ಕೇ ಮೂರು ವಾರ ಮೊದಲಿಂದ ಅಭ್ಯಾಸ ಶುರು ಮಾಡಿದೆವು. ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಆಮೇಲೆ ಒಂದು ಇಡೀ ಮಧ್ಯಾಹ್ನ ಅಮ್ಮನ ಹತ್ತಿರ ಬಿಟ್ಟು ಹೊರಗೆ ಹೋಗುತ್ತಿದ್ದೆ. ಹಾಲು ತೆಗೆದು ಫ್ರಿಜ್ಜಿನಲ್ಲಿಟ್ಟೆ. ಅಲ್ಲಿ 4 ದಿನದವರೆಗೆ ಇಡಬಹುದು, ಹೊರಗಿಟ್ಟರೆ 4 ಗಂಟೆ ಅಷ್ಟೇ. ಬಾಟಲಿಗಳ ಮೇಲೆ ತಾರೀಖು ಬರೆದು ಅಂಟಿಸಿದೆ. ಮದುವೆ ದಿನವೂ ಎದೆಹಾಲು ತೆಗೆಯುವ ಪಂಪನ್ನು ಬ್ಯಾಗಿನಲ್ಲಿ ಹಾಕಿಕೊಂಡೆ, ಯಾಕೆಂದರೆ ಹೊತ್ತಿಗೆ ಸರಿಯಾಗಿ ತೆಗೆಯದಿದ್ದರೆ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ನೋವು ತಡೆಯಕ್ಕಾಗಲ್ಲ. ಎಲ್ಲಿ ಕೂತು ತೆಗೆಯಬಹುದು ಅಂತ ಗೆಳತಿಯ ಅಕ್ಕನನ್ನು ಮೊದಲೇ ಕೇಳಿದ್ದೆ. ಅವರು ನನಗಾಗಿ ಒಂದು ಕೋಣೆಯ ಬೀಗದ ಕೈ ಎತ್ತಿಟ್ಟಿದ್ದರು.

ಮದುವೆಗೆ ಒಬ್ಬರು ಗಂಡ ಹೆಂಡತಿ ಎರಡು ವರ್ಷದ ಮಗುವನ್ನು ಕರೆದುಕೊಂಡು ಬಂದಿದ್ದರು. ಮಗು ಮುದ್ದಾಗಿತ್ತು, ಗಲಾಟೆಯೂ ಮಾಡಲಿಲ್ಲ. ಆದರೂ ಆ ಅಕ್ಕ ಅದನ್ನೇ ನೋಡುತ್ತಾ ನಿಂತುಬಿಟ್ಟರು. ಅವರ ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವನು ಬೆಳಿಗ್ಗೆ ಬಾಗಿಲ ತನಕ ಅಳುತ್ತಾ ಬಂದಿದ್ದನಂತೆ. ಬೀಗದ ಕೈ ಕೊಡುವಾಗ ನನಗೆ ಅಷ್ಟು ಹೇಳಿದರು. ಆ ಫೋನಿನ ದಿನ ನಾನು ಹಟ ಹಿಡಿದಿದ್ದರೆ ಅವರು ಹಾಗೆ ನೋಡುತ್ತಿದ್ದದ್ದು ನನ್ನ ಮಗನನ್ನು. ಅವರ ಕೈ ಹಿಡಿದುಕೊಂಡೆ, ಏನು ಹೇಳಬೇಕೋ ತಿಳಿಯಲಿಲ್ಲ.

ಮೂರು ಸಲ ಅಮ್ಮನಿಗೆ ಮೆಸೇಜ್ ಮಾಡಿದೆ. ಮೂರನೇ ಸಲಕ್ಕೆ ಮಗ ನಿದ್ದೆ ಮಾಡಿದ ಫೋಟೋ ಬಂತು. ಗೆಳತಿ ಉಂಗುರ ಹಾಕಿಸಿಕೊಳ್ಳುವಾಗ ನಾನು ಅವಳನ್ನೇ ಕಣ್ತುಂಬಾ ನೋಡಿದೆ. ಮಗುವಿನ ಹಿಂದೆ ಓಡುತ್ತಿದ್ದರೆ ಅದು ನನಗೆ ಸಿಗುತ್ತಿರಲಿಲ್ಲ.

ಮಗಳಿಗೆ ಮಾತ್ರ ಕೋಪ ಬಂದಿತ್ತು. "ನಿನ್ನ ಹುಟ್ಟುಹಬ್ಬಕ್ಕೆ ನಿನ್ನ ಫ್ರೆಂಡ್ಸ್ ಮಾತ್ರ ಬಂದಿದ್ದರಲ್ಲ, ಹಾಗೆ ಇದು ದೊಡ್ಡವರ ಫ್ರೆಂಡ್ಸಿಗೆ" ಅಂತ ಹೇಳಿದ್ದೆ. ಪೂರ್ತಿ ಒಪ್ಪಿರಲಿಲ್ಲ. ಎರಡು ವಾರ ಬಿಟ್ಟು ಗೆಳತಿ ಗಂಡನ ಜೊತೆ ಮನೆಗೆ ಬಂದಳು, ಮಕ್ಕಳನ್ನು ನೋಡಲಿಕ್ಕೆ ಅಂತಲೇ. ಮಗಳು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈಗ ಮದುವೆ ಮೊದಲಿಂದ ಹೇಳು" ಅಂದಳು. ಅವಳು ಮೊಬೈಲಿನಲ್ಲಿ ಒಂದೊಂದೇ ಫೋಟೋ ತೋರಿಸುತ್ತಾ ಸಂಜೆಯವರೆಗೂ ಹೇಳುತ್ತಾ ಕೂತಳು.