ಒಂದು ಫೋನು, ಮೂವತ್ತು ಕಾಗದದ ಕಾರ್ಡು: ಇಂಗ್ಲೆಂಡಿನ ಗಣಿತ ಕ್ಲಾಸಿನಿಂದ

"ಅಲ್ಲಿ ಪ್ರತಿ ಮಗುವಿನ ಕೈಯಲ್ಲೂ ಲ್ಯಾಪ್‌ಟಾಪ್ ಇರುತ್ತಂತೆ, ಹೌದಾ ಮೇಡಂ?" ತಿಪಟೂರಿನ ಹಳೇ ಸಹೋದ್ಯೋಗಿಗಳು ವಾಟ್ಸಾಪಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು, "ಯಾವ ಆ್ಯಪ್ ಚೆನ್ನಾಗಿದೆ, ಲಿಂಕ್ ಕಳಿಸಿ." ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಎಲ್ಲರಿಗೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ.

ಮೊದಲನೆಯದಕ್ಕೆ ಉತ್ತರ: ಇಲ್ಲ. ನಾನಿರುವುದು ಲೆಸ್ಟರ್ ಪಕ್ಕದ ಒಂದು ಸಣ್ಣ ಊರಿನಲ್ಲಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸೆಕೆಂಡರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 11ರಿಂದ 16 ವರ್ಷದ ಮಕ್ಕಳು, ಕ್ಲಾಸಿಗೆ ಹೆಚ್ಚುಕಮ್ಮಿ ಮೂವತ್ತು ಜನ. ಎಲ್ಲರಿಗೂ ಐಪ್ಯಾಡ್ ಕೊಟ್ಟಿರುವ ಶಾಲೆಗಳೂ ಈ ದೇಶದಲ್ಲಿವೆ, ನಮ್ಮದು ಅಂಥದ್ದಲ್ಲ. ನಮ್ಮ ಗಣಿತ ವಿಭಾಗಕ್ಕೆಲ್ಲ ಸೇರಿ ಲ್ಯಾಪ್‌ಟಾಪ್ ತುಂಬಿದ ಒಂದೇ ಟ್ರಾಲಿ. ವಾರ ಮೊದಲೇ ಬುಕ್ ಮಾಡಬೇಕು. ನಮ್ಮ ಸರದಿ ಬರುವ ಹೊತ್ತಿಗೆ ಅರ್ಧಕ್ಕರ್ಧ ಚಾರ್ಜ್ ಖಾಲಿ. ಇಬ್ಬರು ಪಾಸ್‌ವರ್ಡ್ ಮರೆತಿರುತ್ತಾರೆ. ಒಂದು ಲ್ಯಾಪ್‌ಟಾಪ್ ಅದೇ ಗಳಿಗೆಯಲ್ಲಿ ಅಪ್‌ಡೇಟ್ ಆಗಲು ಕೂರುತ್ತದೆ. ಒಂದು ಗಂಟೆಯ ಪಾಠದಲ್ಲಿ ಹತ್ತು ಹದಿನೈದು ನಿಮಿಷ ಹೀಗೇ ಕೈಬಿಟ್ಟು ಹೋಗುತ್ತದೆ. ಮಕ್ಕಳ ಫೋನ್ ಬಳಸೋಣವೆಂದರೆ ಅದೂ ಇಲ್ಲ. ಶಾಲೆಯ ಹೊತ್ತಿನಲ್ಲಿ ಮೊಬೈಲ್ ಬೇಡ ಎಂದು 2024ರ ಫೆಬ್ರವರಿಯಲ್ಲಿ ಇಲ್ಲಿನ ಶಿಕ್ಷಣ ಇಲಾಖೆಯೇ ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿ ಫೋನ್ ಬ್ಯಾಗಿನಿಂದ ಹೊರಗೆ ಕಂಡರೆ ಸೀದಾ ಆಫೀಸಿಗೆ.

ಹಾಗಾದರೆ ಕ್ಲಾಸಿನಲ್ಲಿ ಏನಿದೆ? ದೊಡ್ಡ ಪರದೆ ಇದೆ. ವಿಶುವಲೈಸರ್ ಇದೆ. ಅಂದರೆ ಮೇಜಿನ ಮೇಲೆ ಕತ್ತು ಬಗ್ಗಿಸಿ ನಿಂತ ಒಂದು ಕ್ಯಾಮೆರಾ. ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದೆಲ್ಲ ಪರದೆಯ ಮೇಲೆ ಕಾಣುತ್ತದೆ. ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುವ ಕೆಲಸವೇ ಇಲ್ಲ, ಹಿಂದಿನ ಬೆಂಚಿನವರಿಗೆ ಸ್ವಲ್ಪ ನಷ್ಟ. ಪ್ರತಿ ಮಗುವಿನ ಮುಂದೆ ಒಂದು ಮಿನಿ ವೈಟ್‌ಬೋರ್ಡ್ ಮತ್ತು ಒಂದು ಪೆನ್ನು. ನಾವು ಒಂದನೇ ಕ್ಲಾಸಿಗೆ ಹೊತ್ತುಕೊಂಡು ಹೋದ ಸ್ಲೇಟೇ ಅದು, ಬಣ್ಣ ಮಾತ್ರ ಬಿಳಿ. ಪ್ರಶ್ನೆ ಕೇಳಿ ಒಂದು ನಿಮಿಷ ಬಿಟ್ಟು "ತ್ರೀ, ಟೂ, ಒನ್, ಶೋ ಮೀ" ಅಂದರೆ ಮೂವತ್ತು ಬೋರ್ಡು ಒಟ್ಟಿಗೆ ಮೇಲೇಳುತ್ತವೆ. ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ, ಯಾರು ಪಕ್ಕದವನದ್ದು ನೋಡಿ ಬರೆದರು, ಎಲ್ಲಾ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಯಾವ ಹೊಸ ಆ್ಯಪ್ ನೋಡಿದರೂ ಈ ಬಿಳಿ ಹಲಗೆಯ ಪಕ್ಕ ಇಟ್ಟು ಅಳೆಯುತ್ತೇನೆ. ಬೆಲ್ ಹೊಡೆಯುವುದರೊಳಗೆ ಮೂವತ್ತು ತಲೆಗಳಲ್ಲಿ ಏನಿದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುತ್ತದಾ? ತೋರಿಸದಿದ್ದರೆ ಅದರ ಬಣ್ಣ, ಸದ್ದು, ಅನಿಮೇಷನ್ ಕಟ್ಟಿಕೊಂಡು ನನಗೇನು?

ಅಂದಹಾಗೆ, ಇಲ್ಲಿಗೆ ಬಂದದ್ದು ಹೇಗೆ ಎಂದು ಕೇಳುವವರಿಗೂ ಒಂದು ಮಾತು. ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು ಇಂಗ್ಲೆಂಡಿನ ಶಿಕ್ಷಕ ಅರ್ಹತೆಗೆ, ಅಂದರೆ ಕ್ಯೂಟಿಎಸ್‌ಗೆ, ನೇರವಾಗಿ ಅರ್ಜಿ ಹಾಕುವ ದಾರಿ 2023ರ ಫೆಬ್ರವರಿಯಲ್ಲಿ ತೆರೆಯಿತು. ಡಿಗ್ರಿ, ಬಿ.ಎಡ್., ಅನುಭವದ ಪತ್ರ ಎಲ್ಲ ಬೇಕು. ವೀಸಾ ಕಥೆ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಇಲ್ಲಿ ಹೊಸ ಆ್ಯಪ್ ತರುವುದು ನಮ್ಮೂರಿನಷ್ಟು ಸಲೀಸಲ್ಲ. ಊರಿನಲ್ಲಿ ನಾವು ಏನು ಮಾಡುತ್ತಿದ್ದೆವು? ಜೂನ್‌ನಲ್ಲಿ ಎಲ್ಲಾ ಪೋಷಕರ ನಂಬರ್ ಸೇರಿಸಿ ಗ್ರೂಪ್ ಮಾಡಿ, ಮಕ್ಕಳ ಫೋಟೋ, ಅಂಕಪಟ್ಟಿ ಎಲ್ಲ ಅದರಲ್ಲೇ ಹಾಕುತ್ತಿದ್ದೆವು. ಇಲ್ಲಿ ಹಾಗೆ ಮಾಡಿದರೆ ನೌಕರಿಗೇ ಕುತ್ತು. ಮಕ್ಕಳ ಹೆಸರು ಕೇಳುವ ಯಾವ ಆ್ಯಪ್ ಆದರೂ ಸರಿ, ಶಾಲೆಯ ಡೇಟಾ ಅಧಿಕಾರಿಗೆ ಮೊದಲು ಒಂದು ಫಾರಂ ಹೋಗಬೇಕು. ಮಾಹಿತಿ ಯಾವ ದೇಶದ ಸರ್ವರ್‌ನಲ್ಲಿ ಕೂರುತ್ತದೆ, ಯಾರಿಗೆ ಕಾಣುತ್ತದೆ, ಮಗು ಶಾಲೆ ಬಿಟ್ಟ ಮೇಲೆ ಯಾವಾಗ ಅಳಿಸುತ್ತಾರೆ, ಜಾಹೀರಾತು ಬರುತ್ತದಾ. ಒಂದು ಆ್ಯಪಿಗೆ ನಾನು ಅನುಮತಿ ಕೇಳಿ, ಅದು ಬರುವಷ್ಟರಲ್ಲಿ ಆ ಪಾಠವೇ ಮುಗಿದು ಹೋಗಿತ್ತು. ಆಗ ಮೈ ಉರಿದದ್ದು ನಿಜ. ಆದರೂ ಒಳಗೊಳಗೆ ಈ ಪದ್ಧತಿಯೇ ಸರಿ ಅನ್ನಿಸುತ್ತದೆ. ಹನ್ನೊಂದು ವರ್ಷದ ಹುಡುಗಿ ಗುಣಾಕಾರದಲ್ಲಿ ಎಷ್ಟು ತಪ್ಪು ಮಾಡಿದಳು ಅನ್ನುವುದು ಯಾವುದೋ ಕಂಪನಿಯ ಕೈಯಲ್ಲಿ ಯಾಕಿರಬೇಕು? ಭಾರತದಲ್ಲೂ 2023ರಲ್ಲಿ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, 18 ವರ್ಷದೊಳಗಿನ ಎಲ್ಲರನ್ನೂ ಅದು ಮಕ್ಕಳೆಂದೇ ಲೆಕ್ಕ ಹಾಕುತ್ತದೆ. ಸ್ಟಾಫ್ ರೂಮಿನಲ್ಲಿ ಒಮ್ಮೆ ಆ ಮಾತು ತೆಗೆದು ನೋಡಿ.

ಇನ್ನು ಆ್ಯಪ್‌ಗಳ ವಿಷಯ. ಎಲ್ಲರಿಗೂ ಗೊತ್ತಿರುವುದು ಕಹೂತ್. ನಾರ್ವೆಯ ಕ್ವಿಜ್ ಆ್ಯಪ್, 2013ರಲ್ಲಿ ಬಂತು. ಪರದೆಯ ಮೇಲೆ ಪ್ರಶ್ನೆ, ಮಕ್ಕಳ ಮುಂದೆ ನಾಲ್ಕು ಬಣ್ಣದ ಗುಂಡಿ, ಹಿನ್ನೆಲೆಯಲ್ಲಿ ಎದೆ ಡವಗುಟ್ಟಿಸುವ ಸಂಗೀತ. ಮಕ್ಕಳಿಗೆ ಪಂಚಪ್ರಾಣ. ನನಗೆ ಅಷ್ಟಕ್ಕಷ್ಟೆ. ಮಾಮೂಲಿ ಆಟದಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಹಾಗಾಗಿ ಪ್ರಶ್ನೆ ಓದುವ ಮೊದಲೇ ಕೆಂಪು ಒತ್ತುವ ಹುಡುಗರು ಪ್ರತಿ ಕ್ಲಾಸಿನಲ್ಲೂ ಇಬ್ಬರಿರುತ್ತಾರೆ. ನಿಧಾನವಾಗಿ, ಸರಿಯಾಗಿ ಯೋಚಿಸುವ ಮಗು ಪಟ್ಟಿಯ ಕೆಳಗೆ. ಗಣಿತದಲ್ಲಿ ಅವಸರಕ್ಕೆ ಬಹುಮಾನ ಕೊಡುವುದು ನನಗೆ ಒಗ್ಗುವುದಿಲ್ಲ. ಶುಕ್ರವಾರದ ಕೊನೇ ಪೀರಿಯಡ್‌ಗೆ ಸರಿ, ಅಲ್ವಾ? ಅದಕ್ಕಿಂತ ಜಾಸ್ತಿ ಬೇಡ.

ಮಗ್ಗಿಯಾದರೆ ಬೇರೆ ಮಾತು, ಅಲ್ಲಿ ವೇಗ ಬೇಕು. ಇಂಗ್ಲೆಂಡಿನ ಸರ್ಕಾರಿ ಪ್ರೈಮರಿಗಳಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಪ್ರತಿ ಜೂನ್‌ನಲ್ಲಿ ಮಗ್ಗಿ ಪರೀಕ್ಷೆ ಇರುತ್ತದೆ. ಕಂಪ್ಯೂಟರ್ ಮುಂದೆ ಕೂತು 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡ್, ಹನ್ನೆರಡರ ಮಗ್ಗಿವರೆಗೆ. ಮಗ್ಗಿ ಕಲಿಯಲೆಂದೇ ಟೈಮ್ಸ್ ಟೇಬಲ್ಸ್ ರಾಕ್ ಸ್ಟಾರ್ಸ್ ಅನ್ನುವ ಆಟವಿದೆ, ಮಕ್ಕಳು ರಾಕ್ ಗಾಯಕರ ವೇಷದಲ್ಲಿ ಮಗ್ಗಿ ಒತ್ತುತ್ತಾರೆ. ಸಂಜೆ ಕೈಕಾಲು ತೊಳೆದು ದೇವರ ಮುಂದೆ ಕೂತು ಇಪ್ಪತ್ತರವರೆಗೆ ಒದರಿದ ನಮಗೆ ಇದು ತಮಾಷೆ. ಆದರೆ ಕೆಲಸ ಮಾಡುತ್ತದೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅಷ್ಟೇನೂ ಝಗಮಗ ಇಲ್ಲದ ಒಂದು ವಿಚಾರ. ಇಲ್ಲಿ ಅದನ್ನು ಡಯಾಗ್ನಾಸ್ಟಿಕ್ ಪ್ರಶ್ನೆ ಅನ್ನುತ್ತಾರೆ. ಕ್ರೇಗ್ ಬಾರ್ಟನ್ ಅನ್ನುವ ಗಣಿತ ಶಿಕ್ಷಕರು ಇದಕ್ಕಾಗಿಯೇ ಒಂದು ದೊಡ್ಡ ಆನ್‌ಲೈನ್ ಭಂಡಾರ ಕಟ್ಟಲು ಶುರುಮಾಡಿದರು. ಬಹು ಆಯ್ಕೆಯ ಪ್ರಶ್ನೆಗಳೇ, ಆದರೆ ಪ್ರತಿ ತಪ್ಪು ಉತ್ತರದ ಹಿಂದೆಯೂ ಮಕ್ಕಳು ದಿನಾ ಮಾಡುವ ಒಂದು ತಪ್ಪು ತಿಳಿವಳಿಕೆ ಇರಬೇಕು.

ಒಂದು ಉದಾಹರಣೆ ನೋಡಿ. ಇವುಗಳಲ್ಲಿ ಯಾವುದು ದೊಡ್ಡದು: 0.65, 0.4, 0.387? ಸರಿ ಉತ್ತರ 0.65. 0.387 ಎಂದವಳು ಚುಕ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, 387 ಅಂದರೆ ದೊಡ್ಡ ಸಂಖ್ಯೆ ಅಲ್ವಾ ಅಂದುಕೊಂಡಿದ್ದಾಳೆ. 0.4 ಎಂದವನ ಕಥೆ ಇನ್ನೂ ಸ್ವಾರಸ್ಯ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು ಎಂದು ಅವನಿಗೆ ಗೊತ್ತು. ಅದನ್ನೇ ಎಳೆದು, ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಅನ್ನುವ ತೀರ್ಮಾನಕ್ಕೆ ಬಂದಿದ್ದಾನೆ. ಇಬ್ಬರ ಪುಸ್ತಕದಲ್ಲೂ ನಾವು ಹಾಕುವುದು ಒಂದೇ ಕೆಂಪು ಗುರುತು. ಆದರೆ ಇಬ್ಬರಿಗೂ ಬೇಕಾದ ಮದ್ದು ಬೇರೆ ಬೇರೆ. ಅವಳಿಗೆ ಸ್ಥಾನಬೆಲೆಯನ್ನು ಮೊದಲಿನಿಂದ ಹೇಳಿಕೊಡಬೇಕು. ಅವನಿಗೆ 0.4 ಅನ್ನು 0.400 ಅಂತ ಬರೆಸಿದರೆ ಅರ್ಧ ಕೆಲಸ ಆದಂತೆ.

ಈಗ ಎಐ ಕಾಲ. ಓಕ್ ನ್ಯಾಷನಲ್ ಅಕಾಡೆಮಿ ಅಂತ ಒಂದು ಸಂಸ್ಥೆ ಇದೆ, 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಪಾಠಗಳಿಗೆಂದು ಹುಟ್ಟಿದ್ದು, ಈಗ ಸರ್ಕಾರದ್ದೇ. ಅವರ ಐಲಾ ಎನ್ನುವ ಎಐ ಸಹಾಯಕಿ ಪಾಠದ ಯೋಜನೆಯನ್ನು ಚಾಟ್ ಮಾಡುತ್ತಲೇ ಸಿದ್ಧ ಮಾಡಿಕೊಡುತ್ತದೆ. ಬೇರೆ ಚಾಟ್‌ಬಾಟ್‌ಗಳಿಂದಲೂ ಇಂಥ ಬಹು ಆಯ್ಕೆಯ ಪ್ರಶ್ನೆ ಬರೆಸಿ ನೋಡಿದ್ದೇನೆ. ಒಂದು ಮಾತು ಹೇಳಬಲ್ಲೆ. ಸರಿ ಉತ್ತರ ಕೊಡುವುದು ಅವುಗಳಿಗೆ ಸುಲಭ. ಒಳ್ಳೆಯ ತಪ್ಪು ಉತ್ತರ ಕೊಡುವುದು ಕಷ್ಟ. ಯಾವ ಮಗುವೂ ಬರೆಯದಂಥ ತಪ್ಪುಗಳನ್ನು ಸುಮ್ನೆ ತುಂಬಿಸಿಬಿಡುತ್ತವೆ. ಅವನ್ನು ತೆಗೆದು, ನನ್ನ ಮಕ್ಕಳ ಪುಸ್ತಕದಲ್ಲಿ ಕಂಡ ತಪ್ಪುಗಳನ್ನು ಹಾಕುವ ಕೆಲಸ ನನಗೇ ಉಳಿಯುತ್ತದೆ.

ಟ್ರಾಲಿ ಬುಕ್ ಮಾಡುವ ಕಷ್ಟವನ್ನೂ ಸಹಿಸುವಂತೆ ಮಾಡಿದ್ದು ಒಂದೇ, ಡೆಸ್ಮಾಸ್. ರೇಖಾಚಿತ್ರ ಬಿಡಿಸುವ ಉಚಿತ ಕ್ಯಾಲ್ಕುಲೇಟರ್ ಎಂದು ಅದು ಪ್ರಸಿದ್ಧ. ಜೊತೆಗೆ ಕ್ಲಾಸಿನಲ್ಲಿ ಆಡಿಸುವ ಚಟುವಟಿಕೆಗಳೂ ಇವೆ, ಅವು ಈಗ ಆ್ಯಂಪ್ಲಿಫೈ ಕ್ಲಾಸ್‌ರೂಮ್ ಅನ್ನುವ ಹೆಸರಿನಲ್ಲಿವೆ. ಮಾರ್ಬಲ್‌ಸ್ಲೈಡ್ಸ್ ಅನ್ನುವುದರಲ್ಲಿ ಮೇಲಿನಿಂದ ಗೋಲಿಗಳು ಬೀಳುತ್ತವೆ. ಪರದೆಯ ಮೇಲೆ ಅಲ್ಲಲ್ಲಿ ನಕ್ಷತ್ರಗಳು. ಗೋಲಿ ಉರುಳಿ ನಕ್ಷತ್ರಗಳಿಗೆ ತಾಗುವಂತೆ ಮಕ್ಕಳು ಸಮೀಕರಣ ಬದಲಿಸುತ್ತಾ ಗೆರೆಯನ್ನು ಸರಿಹೊಂದಿಸಬೇಕು. ಹದಿಮೂರು ವರ್ಷದ ಒಬ್ಬ ಹುಡುಗ ಗೆರೆ ಸ್ವಲ್ಪ ಮೇಲೆ ಹೋಗಲಿ ಅಂತ ಸಮೀಕರಣದ ಕೊನೆಯಲ್ಲಿದ್ದ 3ನ್ನು 300 ಮಾಡಿದ. ಗೆರೆಯೇ ಮಾಯ. "ಮಿಸ್, ಹಾಳಾಯಿತು!" ಅಂತ ಕೂಗಿದ. ನಾನು ಹತ್ತಿರ ಹೋಗುವಷ್ಟರಲ್ಲಿ ಪಕ್ಕದವಳು ಪರದೆಯನ್ನು ಕುಗ್ಗಿಸಿ ತೋರಿಸಿದಳು. ಗೆರೆ ಎಲ್ಲೋ ಆಕಾಶದಲ್ಲಿತ್ತು. ಇಳಿಜಾರಿಗೆ ಮೈನಸ್ ಚಿಹ್ನೆ ಹಾಕಿದರೆ ಗೋಲಿ ಇನ್ನೊಂದು ಕಡೆಗೆ ಉರುಳುತ್ತದೆ ಅಂತ ಅವನೇ ಕಂಡುಕೊಂಡ. ಆಮೇಲೆ ಅವನನ್ನು ಹಿಡಿಯುವವರಿಲ್ಲ. ಇದನ್ನೇ ನಾನು ಬೋರ್ಡಿನ ಮೇಲೆ ವರ್ಷಗಟ್ಟಲೆ ಸೂತ್ರವಾಗಿ ಬರೆಸಿದ್ದೇನೆ.

ಶಿಕ್ಷಕರ ಪರದೆಯಲ್ಲಿ ಎಲ್ಲರ ಕೆಲಸವೂ ಆಗಿಂದಾಗ್ಗೆ ಕಾಣುತ್ತದೆ. ಒಂದು ಗುಂಡಿ ಒತ್ತಿದರೆ ಎಲ್ಲಾ ಲ್ಯಾಪ್‌ಟಾಪ್ ನಿಲ್ಲುತ್ತವೆ, ನನಗೆ ಬಹಳ ಪ್ರಿಯವಾದ ಗುಂಡಿ ಅದು. ಇನ್ನೊಂದು ಒತ್ತಿದರೆ ಮಕ್ಕಳ ಹೆಸರು ಮರೆಯಾಗಿ ಗಣಿತಜ್ಞರ ಹೆಸರು ಬರುತ್ತವೆ. ಯಾರ ತಪ್ಪು ಅಂತ ಯಾರಿಗೂ ತಿಳಿಯದೆ, ತಪ್ಪಿನ ಬಗ್ಗೆ ಇಡೀ ಕ್ಲಾಸು ಮಾತಾಡಬಹುದು. ಜಿಯೋಜಿಬ್ರಾ ಬಗ್ಗೆ ಕೇಳಿದವರಿಗೆ: ರೇಖಾಗಣಿತಕ್ಕೆ ಅದೇ ಒಳ್ಳೆಯದು, ಉಚಿತ, ನಮ್ಮೂರಿನ ತರಬೇತಿಗಳಲ್ಲೇ ಎಷ್ಟೋ ಜನ ಕಲಿತಿದ್ದೀರಿ. ಹೊಸದಾಗಿ ಹೇಳುವುದೇನಿಲ್ಲ.

ಹೋಂವರ್ಕ್‌ಗೆ ನಾನು ಬಳಸುವುದು ಡಾಕ್ಟರ್ ಫ್ರಾಸ್ಟ್ ಮ್ಯಾಥ್ಸ್ ಎಂಬ ವೆಬ್‌ಸೈಟ್. ಜೇಮೀ ಫ್ರಾಸ್ಟ್ ಅನ್ನುವ ಇಲ್ಲಿನ ಶಿಕ್ಷಕರು ಕಟ್ಟಿದ್ದು. 2020ರ ಗ್ಲೋಬಲ್ ಟೀಚರ್ ಪ್ರೈಜ್‌ನ ಕೊನೇ ಹತ್ತು ಜನರಲ್ಲಿ ಅವರೂ ಇದ್ದರು. ಗೆದ್ದವರು ಯಾರು ಗೊತ್ತಲ್ಲ? ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ರಣಜಿತ್‌ಸಿಂಹ ಡಿಸಳೆ. ಹತ್ತು ಲಕ್ಷ ಡಾಲರ್ ಬಹುಮಾನದಲ್ಲಿ ಅರ್ಧವನ್ನು ಉಳಿದ ಒಂಬತ್ತು ಜನರಿಗೆ ಹಂಚಿದರು. ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಇಟ್ಟು ಹಾಡು, ಕಥೆ, ಪಾಠ ಕೇಳಿಸಿದವರು ಎಂದು ಎಲ್ಲಾ ಪೇಪರಿನಲ್ಲೂ ಬಂತು. ಅದಕ್ಕೂ ಮೊದಲು ಅವರು ಮಾಡಿದ ಕೆಲಸದ ಬಗ್ಗೆ ನಮ್ಮವರಿಗೇ ಅಷ್ಟಾಗಿ ತಿಳಿದಿಲ್ಲ. ಶಾಲೆಯ ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಬೇರೆ ಭಾಷೆಯಲ್ಲಿ. ಡಿಸಳೆ ಮೇಷ್ಟ್ರು ಕೂತು ಕನ್ನಡ ಕಲಿತರು. ಆಮೇಲೆ ಪುಸ್ತಕಗಳನ್ನು ಆ ಮಕ್ಕಳಿಗೆ ಅರ್ಥವಾಗುವಂತೆ ಮಾಡಿದರು. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಫ್ರಾಸ್ಟ್ ಹೆಸರೆತ್ತಿದರೆ ನಾನು ಈ ಕಥೆ ಹೇಳದೆ ಬಿಡುವುದಿಲ್ಲ. ಅವರಿಗೆ ಬಾಯಿಪಾಠ ಆಗಿರಬೇಕು.

ಈಗ ತಿಪಟೂರಿಗೆ ಬರೋಣ. ಮಕ್ಕಳ ಕೈಯಲ್ಲಿ ಏನೂ ಇಲ್ಲ, ನಿಮ್ಮ ಕೈಯಲ್ಲಿ ಒಂದು ಫೋನ್ ಇದೆ ಅಂತಾದರೆ ನನ್ನ ಆಯ್ಕೆ ಪ್ಲಿಕರ್ಸ್ ಅನ್ನುವ ಆ್ಯಪ್. ಟ್ರಾಲಿ ಸಿಗದ ದಿನಗಳಲ್ಲಿ ನನಗೂ ಅದೇ ಗತಿ. ಒಬ್ಬೊಬ್ಬ ಮಗುವಿಗೆ ಒಂದೊಂದು ಕಾಗದದ ಕಾರ್ಡು, ಅದರ ಮೇಲೆ ಕಪ್ಪು ಚೌಕಗಳ ಚಿತ್ರ. ಚಿತ್ರದ ಒಂದೊಂದು ಅಂಚಿಗೂ ಸಣ್ಣದಾಗಿ ಎ, ಬಿ, ಸಿ, ಡಿ. ಉತ್ತರ ಬಿ ಆದರೆ ಬಿ ಇರುವ ಅಂಚು ಮೇಲೆ ಬರುವಂತೆ ಹಿಡಿಯಬೇಕು. ನೀವು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನ ತಿರುಗಿಸಿದರೆ ಯಾರು ಏನು ಹೇಳಿದರು ಅಂತ ಪರದೆಯಲ್ಲಿ ಮೂಡುತ್ತದೆ. ಪ್ರತಿ ಕಾರ್ಡಿನ ಚಿತ್ರವೂ ಬೇರೆ, ಹಾಗಾಗಿ ಪಕ್ಕದವನದ್ದು ನೋಡಿ ಕಾಪಿ ಹೊಡೆಯುವುದು ಸುಲಭವಲ್ಲ. ಕಾರ್ಡುಗಳು 63ರವರೆಗೆ ಸಿಗುತ್ತವೆ, ನಿಮ್ಮ ತುಂಬಿದ ಕ್ಲಾಸಿಗೂ ಸಾಕು. ಮಕ್ಕಳ ಹೆಸರು ಕೊಡಬೇಡಿ, ಹಾಜರಿ ಪುಸ್ತಕದ ನಂಬರ್ ಹಾಕಿ. ಪ್ರೊಜೆಕ್ಟರ್ ಬೇಕಿಲ್ಲ, ಪ್ರಶ್ನೆಯನ್ನು ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಯಿರಿ.

ಹಳೇ ಸಹೋದ್ಯೋಗಿ ಒಬ್ಬರು ಈಗಾಗಲೇ ಕಾರ್ಡು ಪ್ರಿಂಟ್ ತೆಗೆಸಿದ್ದಾರೆ. ಜೆರಾಕ್ಸ್ ಅಂಗಡಿಯವನು "ಲ್ಯಾಮಿನೇಷನ್ ಮಾಡಿಕೊಡ್ತೀನಿ ಬಿಡಿ ಮೇಡಂ, ವರ್ಷ ಬಾಳಿಕೆ ಬರುತ್ತೆ" ಅಂದನಂತೆ. ಹೊಳೆಯುವ ಲ್ಯಾಮಿನೇಷನ್ ಬೇಡವೇ ಬೇಡ. ಕಿಟಕಿಯ ಬೆಳಕು ಬಿದ್ದರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಹಳೇ ಮದುವೆ ಕಾರ್ಡಿನ ರಟ್ಟಿಗೆ ಅಂಟಿಸಿ, ಸಾಕು. ಕಪ್ಪು ಚೌಕಗಳ ಮೇಲೆ ಬೆರಳು ಇಡದೆ ಅಂಚಿನಲ್ಲಿ ಹಿಡಿಯುವುದನ್ನು ಮೊದಲ ದಿನವೇ ಕಲಿಸಿ.

ದಶಮಾಂಶ ಮತ್ತು ಭಿನ್ನರಾಶಿಯ ಒಂದು ಕಂತು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೇಕಾದವರಿಗೆ ಕಳಿಸುತ್ತೇನೆ. ಸರಿ ಉತ್ತರಗಳು ನನ್ನ ಹತ್ತಿರ ಇವೆ. ನಿಮ್ಮ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳು ಬರೆಯುವ ತಪ್ಪು ಉತ್ತರಗಳನ್ನು ಕಳಿಸಿ. ಪುಸ್ತಕದ ಫೋಟೋ ಆದರೂ ಸರಿ, ಹೆಸರು ಮಾತ್ರ ಮುಚ್ಚಿರಲಿ.