ಹಲಗಲಿಗೆ ಮೂರು ಅಂಕ

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹೋದರೆ ಮೊದಲ ದಿನವೇ ಕೀ ಉತ್ತರ ಬಾಯಿಪಾಠ ಆಗಿಬಿಡುತ್ತದೆ. ಆಮೇಲೆ ಕೈ ತಾನಾಗೇ ಟಿಕ್ ಹಾಕುತ್ತಾ ಹೋಗುತ್ತದೆ.

ಆ ವರ್ಷ ಹಲಗಲಿ ಬೇಡರ ದಂಗೆಯ ಮೇಲೆ ಮೂರು ಅಂಕದ ಪ್ರಶ್ನೆಯಿತ್ತು. ಒಂದಿಡೀ ಕಟ್ಟಿನಲ್ಲಿ ಎಲ್ಲರದೂ ಒಂದೇ ಉತ್ತರ: ಹಲಗಲಿ ಮುಧೋಳ ಸಂಸ್ಥಾನದ ಹಳ್ಳಿ. 1857ರಲ್ಲಿ ಬ್ರಿಟಿಷರು ಶಸ್ತ್ರ ಬಳಕೆಗೆ ನಿರ್ಬಂಧ ಹಾಕಿದರು. ಮಂಟೂರು, ಬೋದಾನಿ, ಆಲಗುಂಡಿಯ ಬೇಡರೂ ಸೇರಿಕೊಂಡರು. ದಂಗೆಯನ್ನು ಅಡಗಿಸಲಾಯಿತು. ಎಲ್ಲರಿಗೂ ‘ಬೋದಾನಿ’ಯಲ್ಲಿ ಅದೇ ಕಾಗುಣಿತದ ತಪ್ಪು! ಬೋರ್ಡಿನ ಮೇಲೆ ಮೇಷ್ಟ್ರು ಹಾಗೇ ಬರೆದಿರಬೇಕು.

ನಡುವೆ ಒಂದು ಪತ್ರಿಕೆ ಬೇರೆ ಥರ ಇತ್ತು. ಬೇಟೆಯಾಡಿ ಬದುಕುವವರ ಹತಾರ ಕಿತ್ಕೊಂಡರೆ ಅವರು ಉಣ್ಣೋದೇನು ಅಂತ ಶುರು. ದಂಡಿನವರು ಊರು ಸುಟ್ಟರು, ಮನೆಯೊಳಗಿನ ಉಪ್ಪು, ಎಣ್ಣೆ, ಅರಿಷಿಣವನ್ನೂ ಬಿಡಲಿಲ್ಲ ಅಂತ ಮುಗಿಸಿತ್ತು. ಇದು ಪಾಠದ ಮಾತಲ್ಲ, ಲಾವಣಿಯ ಮಾತು. ಹಲಗಲಿ ಲಾವಣಿಯಲ್ಲಿ ಲೂಟಿಯಾದ ಸಾಮಾನಿನ ಪಟ್ಟಿಯೇ ಇದೆ. ಆದರೆ ಆ ಉತ್ತರದಲ್ಲಿ ಇಸವಿ ಇಲ್ಲ, ಅಕ್ಕಪಕ್ಕದ ಊರಿನ ಹೆಸರೂ ಇಲ್ಲ.

ತಂಡದ ಹಿರಿಯರನ್ನು ಕೇಳಿದೆ. “ಎರಡು ಹಾಕ್ರಿ ಮೇಡಂ. ಕೀಯಲ್ಲಿ ಇಲ್ಲದ್ದಕ್ಕೆ ಮಾರ್ಕ್ಸ್ ಕೊಟ್ಟರೆ ನಾಳೆ ಉತ್ತರ ಹೇಳೋರು ಯಾರು?” ಅಂದರು. ಅವರದೂ ತಪ್ಪಲ್ಲ. ಎಂಟು ಲಕ್ಷದಷ್ಟು ಮಕ್ಕಳು ಬರೆಯುವ ಪರೀಕ್ಷೆಗೆ ಒಂದೇ ಅಳತೆ ಬೇಕೇ ಬೇಕು. ಮರುಮೌಲ್ಯಮಾಪನದಲ್ಲಿ ಅಂಕ ಜಾಸ್ತಿ ಏರುಪೇರಾದರೆ ನಮಗೂ ದಂಡ. ಎರಡೇ ಹಾಕಿದೆ.

ನನಗೆ ಸಿಟ್ಟು ಬಂದದ್ದು ಕೀ ಮೇಲಲ್ಲ. ಅದನ್ನು ನಾವು ಜೂನ್ ತಿಂಗಳಲ್ಲೇ ಕ್ಲಾಸಿಗೆ ತಂದು ಬಿಡುತ್ತೇವಲ್ಲ, ಅದರ ಮೇಲೆ. ಪಾಯಿಂಟ್‌ಗೊಂದು ಮಾರ್ಕು ಅಂದಮೇಲೆ ‘ಯಾಕೆ’ ಅನ್ನೋದಕ್ಕೂ ಒಂದೇ ಮಾರ್ಕು, ಊರಿನ ಹೆಸರಿಗೂ ಒಂದೇ ಮಾರ್ಕು. ಊರಿನ ಹೆಸರು ಬಾಯಿಪಾಠ ಮಾಡಿಸೋದು ಸುಲಭ ಅಲ್ವಾ? ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರೋದು ಮೇಷ್ಟ್ರಿಗೆ. ಜನವರಿ ಬಂತೆಂದರೆ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಆಯ್ದ ಪ್ರಶ್ನೋತ್ತರ) ಬಿಟ್ಟು ಬೇರೆ ಮಾತಿಲ್ಲ.

ಹಾಗಂತ ನಮ್ಮ ಕೈಯಲ್ಲಿ ಏನೂ ಇಲ್ಲ ಅನ್ನೋಹಾಗಿಲ್ಲ. ಬರವಣಿಗೆಗೆ 80 ಹೋದರೆ ಆಂತರಿಕ ಅಂಕ 20 ನಮ್ಮದೇ. ಅದನ್ನು ನಾವು ಸುಮ್ನೆ ಎಲ್ಲರಿಗೂ ಹಂಚಿಬಿಡುತ್ತೇವೆ. ಮುಂದಿನ ವರ್ಷ ನಾನು ಅದರಲ್ಲೊಂದು ಚಟುವಟಿಕೆ ಇಟ್ಟೆ: ಲಾವಣಿ ಹುಡುಕಿ, ಪಾಠದಲ್ಲಿ ಇಲ್ಲದ ಒಂದು ಸಂಗತಿ ಬರೆದು ತನ್ನಿ. ಸುಮಾರು ಮಂದಿ ಯೂಟ್ಯೂಬ್ ನೋಡಿ ಬರೆದರು. ಅದಕ್ಕೂ ಅಂಕ ಕೊಟ್ಟೆ. ಪೂರ್ತಿ ಕೇಳಿಯಾದರೂ ಬರೆದಿದ್ದರು.