ಮನೆ ಫೋಟೊಗಳಿಗೊಂದು ನಾಸ್: ಡಬ್ಬಿ ಇನ್ನೂ ಬಂದಿಲ್ಲ

ಮೊದಲ ವಾರ

ಹೆಂಡತಿಯ ಫೋನಿನದು ತಿಂಗಳಿಂದ ಅದೇ ರಾಗ: ಜಾಗ ಮುಗಿದಿದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಕಾಲ 2021ರ ಜೂನ್ 1ಕ್ಕೇ ಮುಗಿಯಿತು. ಈಗ ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಸರಿ, ಮನೆಯಲ್ಲೇ ಒಂದು ನಾಸ್ ಇಡೋಣ ಅಂತ ಹೊರಟೆ. ನಾಸ್ ಅಂದರೆ ರೂಟರ್‌ಗೆ ಸಿಕ್ಕಿಸಿದ, ಹಾರ್ಡ್ ಡಿಸ್ಕ್ ಇರುವ ಚಿಕ್ಕ ಕಂಪ್ಯೂಟರ್, ಅಷ್ಟೆ. ಫೋನು, ಲ್ಯಾಪ್‌ಟಾಪ್, ಟಿವಿ ಎಲ್ಲಕ್ಕೂ ಅದೇ ಉಗ್ರಾಣ.

ಮೊದಲ ದಿನ ಉತ್ಸಾಹದಲ್ಲಿ ನಾಲ್ಕು ಡಿಸ್ಕಿನ ಡಬ್ಬಿ, ತಲಾ 8 ಟಿಬಿ ಅಂತ ಪಟ್ಟಿ ಬರೆದೆ. ನಮ್ಮ ಹತ್ತಿರ ಇರುವುದೆಷ್ಟು ಅಂತ ನೋಡಿಯೇ ಇರಲಿಲ್ಲ! ಭಾನುವಾರ ಕೂತು ಎಣಿಸಿದೆ. ಫೋಟೊ 310 ಜಿಬಿ, ಫೋನ್ ವಿಡಿಯೊ 520 ಜಿಬಿ. ಬೀರುವಿನಲ್ಲಿ ಹಳೆಯ ವಿಡಿಯೊ ಕ್ಯಾಮೆರಾದ ಒಂಬತ್ತು ಮಿನಿ ಡಿವಿ ಕ್ಯಾಸೆಟ್. ಒಂದು ಗಂಟೆಯ ಕ್ಯಾಸೆಟ್ಟನ್ನು ಇದ್ದಹಾಗೇ ಇಳಿಸಿದರೆ ಸುಮಾರು 13 ಜಿಬಿ, ಒಂಬತ್ತಕ್ಕೆ 117. ಎಲ್ಲ ಸೇರಿ ಒಂದು ಟಿಬಿಯೂ ಇಲ್ಲ. ಪಟ್ಟಿ ಹರಿದು ಹಾಕಿದೆ. 4 ಟಿಬಿ ಧಾರಾಳವಾಗಿ ಸಾಕು.

ಎರಡನೇ ವಾರ

ಹಳೆಯ ಡೆಸ್ಕ್‌ಟಾಪನ್ನೇ ನಾಸ್ ಮಾಡಿದರೆ ದುಡ್ಡು ಉಳಿಯುತ್ತದಲ್ವಾ? ಕರೆಂಟ್ ಮೀಟರ್ ಸಿಕ್ಕಿಸಿ ನೋಡಿದೆ. ಸುಮ್ನೆ ಆನ್ ಆಗಿದ್ದರೂ 55 ವ್ಯಾಟ್. ತಿಂಗಳಿಗೆ ಸುಮಾರು 40 ಯೂನಿಟ್. ಎರಡು ಡಿಸ್ಕಿನ ರೆಡಿಮೇಡ್ ಡಬ್ಬಿ 20 ವ್ಯಾಟ್ ಅಂತ ಹಿಡಿದರೂ 14 ಯೂನಿಟ್ ಚಿಲ್ಲರೆ. ಡೆಸ್ಕ್‌ಟಾಪ್ ಬರೀ ಪ್ರಯೋಗಕ್ಕೆ ಅಂತ ತೀರ್ಮಾನಿಸಿ, ಓಪನ್‌ಮೀಡಿಯಾವಾಲ್ಟ್ ಅನ್ನೋ ಪುಕ್ಕಟೆ ನಾಸ್ ತಂತ್ರಾಂಶ ಹಾಕಿದೆ.

ಫೋಟೊ ಕಳಿಸಲು ಶುರು ಮಾಡಿದರೆ ಸೆಕೆಂಡಿಗೆ 11 ಎಂಬಿ. 310 ಜಿಬಿಗೆ ಎಂಟು ಗಂಟೆ ಹತ್ತಿರ! ಡಿಸ್ಕನ್ನು ಬೈದೆ, ರೂಟರನ್ನು ಬೈದೆ. ತಪ್ಪು ನನ್ನದೇ. ಗಿಗಾಬಿಟ್ ವೇಗಕ್ಕೆ ನೆಟ್‌ವರ್ಕ್ ಕೇಬಲ್ಲಿನ ಎಂಟೂ ತಂತಿ ಬೇಕು, 100 ಮೆಗಾಬಿಟ್‌ಗೆ ನಾಲ್ಕೇ ಸಾಕು. ನಾನೇ ಕ್ರಿಂಪ್ ಮಾಡಿದ, ಅಂದರೆ ಪ್ಲಗ್ ಒತ್ತಿ ಕೂರಿಸಿದ ತುದಿಯಲ್ಲಿ ಒಂದು ತಂತಿ ಕೂತಿರಲಿಲ್ಲ. ಹಾಗಾಗಿ ಸಂಪರ್ಕ ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿದಿತ್ತು. ಅಂಗಡಿಯ ಕೇಬಲ್ ಹಾಕಿದ ಮೇಲೆ 110 ಎಂಬಿ. ಕ್ರಿಂಪಿಂಗ್ ಟೂಲ್ ಅಟ್ಟ ಸೇರಿತು.

ಕರೆಂಟ್ ಹೋದಾಗ ಮೆಷಿನ್ ರೀಸ್ಟಾರ್ಟ್ ಆಗುತ್ತಿತ್ತು. ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಬೇಗ ಬ್ಯಾಟರಿಗೆ ಬದಲಾಗುವ ಯುಪಿಎಸ್ ಕಡೆಗೆ ತಿರುಗಿಸಿದೆ, ರೀಸ್ಟಾರ್ಟ್ ಕಾಟ ನಿಂತಿತು.

ಮೂರನೇ ವಾರ

ಇದು ನನ್ನ ತಲೆ ತಿರುಗಿಸಿದ ವಾರ. ಎರಡು ಹಳೆಯ ಡಿಸ್ಕ್ ಹಾಕಿ ರೇಡ್ 1 ಮಾಡಿದ್ದೆ. ಒಂದಕ್ಕೆ ಬರೆದದ್ದು ಕನ್ನಡಿಯ ಹಾಗೆ ಇನ್ನೊಂದಕ್ಕೂ ಹೋಗುತ್ತದೆ. ಒಂದು ಕೆಟ್ಟರೂ ಇನ್ನೊಂದು ಇದೆ, ನಿಶ್ಚಿಂತೆ ಅಂದುಕೊಂಡಿದ್ದೆ. ಮಗಳು ಜಾಗ ಖಾಲಿ ಮಾಡುತ್ತೇನೆ ಅಂತ ನಮ್ಮೂರು ಸಾಗರದ ಮಾರಿಕಾಂಬಾ ಜಾತ್ರೆಯ ಫೋಲ್ಡರ್ ಅಳಿಸಿದಳು. ಎರಡೂ ಡಿಸ್ಕಿನಿಂದ ಆ ಕ್ಷಣವೇ ಮಾಯ. ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ! ಪುಣ್ಯಕ್ಕೆ ಲ್ಯಾಪ್‌ಟಾಪಿನಲ್ಲಿ ಮೂಲ ಇತ್ತು. ರೇಡ್ ಬ್ಯಾಕಪ್ ಅಲ್ಲ ಅಂತ ಎಲ್ಲರೂ ಬರೆದಿರುತ್ತಾರೆ. ನಾನೂ ಓದಿದ್ದೆ.

ಹಾಗಾಗಿ ನನ್ನ ಮಟ್ಟಿಗೆ ಕನ್ನಡಿ ಬೇಡ. ಅಂಗಡಿ ನಡೆಸುವವರಿಗೆ ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು, ಅವರಿಗೆ ಸರಿ. ನಮ್ಮ ಮನೆಯಲ್ಲಿ ಎರಡು ದಿನ ಫೋಟೊ ಕಾಣದಿದ್ದರೆ ಏನೂ ಮುಳುಗುವುದಿಲ್ಲ. ಡಬ್ಬಿಯಲ್ಲಿ ಒಂದು 4 ಟಿಬಿ ಡಿಸ್ಕ್, ಇನ್ನೊಂದು ಖಾನೆ ಖಾಲಿ. ರಾತ್ರಿ ಹೊತ್ತು ಯುಎಸ್‌ಬಿ ಡಿಸ್ಕಿಗೆ ಒಂದು ಪ್ರತಿ. ಅಂಥದ್ದೇ ಇನ್ನೊಂದು ಡಿಸ್ಕ್ ಸಾಗರದ ಅಮ್ಮನ ಮನೆಯಲ್ಲಿ. ಊರಿಗೆ ಹೋದಾಗಲೆಲ್ಲ ಎರಡನ್ನೂ ಅದಲು ಬದಲು ಮಾಡುವುದು. ಕಳ್ಳತನ, ಬೆಂಕಿ, ನನ್ನ ಪೆದ್ದುತನ ಮೂರಕ್ಕೂ ಅದೇ ಔಷಧಿ.

ಅಮ್ಮನಿಗೆ ಫೋನ್ ಮಾಡಿದೆ. "ಉಪ್ಪಿನಕಾಯಿ ಭರಣಿ ಪಕ್ಕ ಜಾಗ ಇದೆ ಮಾರಾಯ, ಅಲ್ಲೇ ಇಡ್ತೀನಿ" ಅಂದರು. ಮಳೆಗಾಲದಲ್ಲಿ ಅಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪಟ್ಟಿಗೆ ಸೇರಿತು.

ಈ ವಾರ

ಡಬ್ಬಿ ಆರ್ಡರ್ ಆಗಿದೆ. ಕ್ಯಾಸೆಟ್ ಓದಲು ಚಿಕ್ಕಪ್ಪನ ಹಳೆಯ ಕ್ಯಾಮೆರಾ ಸಿಕ್ಕಿತು. ಅದನ್ನು ಸಿಕ್ಕಿಸಲು ಡೆಸ್ಕ್‌ಟಾಪಿಗೆ ಫೈರ್‌ವೈರ್ ಅನ್ನೋ ಹಳೆಯ ಕಾಲದ ಪೋರ್ಟಿನ ಕಾರ್ಡ್ ಹಾಕಿದೆ. ಒಂದು ಗಂಟೆಯ ಕ್ಯಾಸೆಟ್ ಇಳಿಯಲು ಪೂರ್ತಿ ಒಂದು ಗಂಟೆ ಬೇಕು, ಹಾಗಾಗಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಕ್ಕನ ಮದುವೆ ಓಡುತ್ತಿದೆ. ವಿಡಿಯೊದವನು ಉಣ್ಣುವವರ ಮುಖಕ್ಕೆ ಲೈಟ್ ಹಿಡಿದು ಸಾಲು ಪೂರ್ತಿ ತೆಗೆದಿದ್ದಾನೆ. ಅಜ್ಜ ಎರಡನೇ ಪಂಕ್ತಿಯಲ್ಲಿ ಕೂತಿದ್ದರಂತೆ. ಮೊದಲನೇ ಪಂಕ್ತಿಗೆ ಈಗ ಸಾರು ಬರುತ್ತಿದೆ.